ಮಾತ್ರೆ ಯಾವುದರ ಬದಲಿಗೆ?

ಆ್ಯಂಟಿಬಯಾಟಿಕ್ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನೂ, ಆ ಔಷಧವನ್ನು ನಾವು ಬಳಸುವ ರೀತಿಯನ್ನೂ ಅಭ್ಯಾಸ ಮಾಡುವುದು ನನ್ನ ಕೆಲಸ. ನಾನು ಈ ಕ್ಷೇತ್ರಕ್ಕೆ ಬಂದಿದ್ದು ಬ್ಯಾಕ್ಟೀರಿಯಾಗಳ ಮೇಲಿನ ಕುತೂಹಲದಿಂದ. ಜನರ ಮೇಲಿನ ಕಾಳಜಿಯಿಂದ ಅಂತ ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ, ಆದರೆ ಅದು ನಿಜವಲ್ಲ. ಪ್ರಯೋಗಾಲಯದಲ್ಲಿ ಕೆಲಸ ಶುರು ಮಾಡಿದಾಗ ನನಗೆ ಇಷ್ಟವಾಗಿದ್ದು ಪ್ಲೇಟ್ ಓದುವುದು. ರೋಗಿಯ ರಕ್ತದಿಂದಲೋ ಮೂತ್ರದಿಂದಲೋ ಸಿಕ್ಕ ಬ್ಯಾಕ್ಟೀರಿಯಾವನ್ನು ಅಗರ್ ಪ್ಲೇಟ್, ಅಂದರೆ ಬ್ಯಾಕ್ಟೀರಿಯಾ ಬೆಳೆಯಲು ಮೆದು ಆಹಾರ ಹಾಕಿದ ತಟ್ಟೆಯ ಮೇಲೆ ತೆಳ್ಳಗೆ ಹರಡುತ್ತೇವೆ. ಅದರ ಮೇಲೆ ಬೇರೆ ಬೇರೆ ಆ್ಯಂಟಿಬಯಾಟಿಕ್ ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಒಂದು ರಾತ್ರಿ 35 ಡಿಗ್ರಿ ಶಾಖದಲ್ಲಿಟ್ಟು ಬೆಳಿಗ್ಗೆ ತೆಗೆದರೆ, ಔಷಧ ಕೆಲಸ ಮಾಡಿದ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ವೃತ್ತ ಇರುತ್ತದೆ. ಆ ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು, ಪಟ್ಟಿ ನೋಡಿ, 'ಎಸ್' ಅಥವಾ 'ಆರ್' ಅಂತ ಬರೆಯಬೇಕು. ಎಸ್ ಅಂದರೆ ಔಷಧಕ್ಕೆ ಬಗ್ಗುತ್ತದೆ. ಆರ್ ಅಂದರೆ ಬಗ್ಗುವುದಿಲ್ಲ. 1966ರಲ್ಲಿ ಬಾವರ್, ಕಿರ್ಬಿ ಮತ್ತು ಅವರ ಜೊತೆಗಾರರು ಈ ವಿಧಾನಕ್ಕೆ ಒಂದು ಶಿಸ್ತು ತಂದುಕೊಟ್ಟರು. ಇವತ್ತಿಗೂ ಲೋಕದ ಎಷ್ಟೋ ಲ್ಯಾಬ್‌ಗಳಲ್ಲಿ ನಡೆಯುತ್ತಿರುವುದು ಅದೇ.

ಉತ್ತರ ಕಣ್ಣೆದುರೇ ಸಿಗುವ ಕೆಲಸದಲ್ಲಿ ಒಂದು ಖುಷಿ ಇದೆ. ವರ್ಷಗಳು ಹೋದಂತೆ ವೃತ್ತಗಳು ಚಿಕ್ಕದಾಗುತ್ತಾ ಬಂದವು. ಕೆಲವು ಪ್ಲೇಟ್‌ಗಳಲ್ಲಿ ಒಂದು ವೃತ್ತವೂ ಇರುತ್ತಿರಲಿಲ್ಲ. ಆದರೆ ನನ್ನನ್ನು ಲ್ಯಾಬಿನಿಂದ ಹೊರಗೆಳೆದಿದ್ದು ಅದಲ್ಲ. ಮಾದರಿ ನಮ್ಮ ಕೈಗೆ ಬಂದು ವರದಿ ಹೋಗುವಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ. ಅಷ್ಟರಲ್ಲಿ ರೋಗಿಗೆ ಯಾವುದೋ ಒಂದು ಆ್ಯಂಟಿಬಯಾಟಿಕ್ ಶುರುವಾಗಿರುತ್ತದೆ. ಅದು ಸರಿಯೇ. ಸೋಂಕು ರಕ್ತಕ್ಕೇರಿದವರನ್ನು ವರದಿ ಬರಲಿ ಅಂತ ಕಾಯಿಸಲಾಗುವುದಿಲ್ಲ. ನನಗಿದ್ದ ಪ್ರಶ್ನೆ, ವರದಿ ಬಂದ ಮೇಲೆ ಏನಾಗುತ್ತದೆ ಅನ್ನೋದು. ಹಳೆಯ, ಸರಳ ಔಷಧವೇ ಇದಕ್ಕೆ ಸಾಕು ಅಂತ ನಾವು ಬರೆದು ಕಳಿಸಿದ ಮೇಲೂ ಎಷ್ಟೋ ಸಲ ಮೊದಲು ಹಾಕಿದ ಭಾರಿ ಔಷಧವೇ ಮುಂದುವರಿಯುತ್ತಿತ್ತು. ಯಾಕೆ ಅಂತ ಪ್ಲೇಟ್ ಹೇಳುವುದಿಲ್ಲ. ವಾರ್ಡಿಗೆ ಹೋಗಿಯೇ ಕೇಳಬೇಕು.

ವಾರ್ಡಿಗೆ ಹೋಗುವ ಮೊದಲು ಬ್ಯಾಕ್ಟೀರಿಯಾಗಳ ಕಡೆಯ ಮಾತು ಮುಗಿಸಿಬಿಡುತ್ತೇನೆ. ಇಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. 'ನನ್ನ ದೇಹ ಈ ಔಷಧಕ್ಕೆ ಒಗ್ಗಿಹೋಗಿದೆ' ಅನ್ನುವ ಮಾತು ನೀವೂ ಕೇಳಿರುತ್ತೀರಿ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 12 ದೇಶಗಳಲ್ಲಿ ಜನರನ್ನು ಕೇಳಿ ನೋಡಿತು. ನಾಲ್ಕರಲ್ಲಿ ಮೂವರು ಹಾಗೇ ಅಂದುಕೊಂಡಿದ್ದರು. ಒಗ್ಗುವುದು ದೇಹವಲ್ಲ, ಬ್ಯಾಕ್ಟೀರಿಯಾ. ಇದು ಸಣ್ಣ ತಿದ್ದುಪಡಿ ಅಂತ ಕಾಣಬಹುದು. ಆದರೆ ದೇಹವೇ ಒಗ್ಗುತ್ತದೆ ಅಂದುಕೊಂಡವರು, 'ನಾನು ಮಾತ್ರೆ ತಗೊಳ್ಳೋದೇ ಅಪರೂಪ, ನನಗೇನೂ ಆಗಲ್ಲ' ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಬೇರೆಯವರ ಹೊಟ್ಟೆಯಲ್ಲಿ ಗಟ್ಟಿಯಾದ ಬ್ಯಾಕ್ಟೀರಿಯಾ ತಮ್ಮ ಆಪರೇಷನ್ ಗಾಯಕ್ಕೆ ಬರಬಹುದು ಅನ್ನೋದು ಅವರ ಲೆಕ್ಕದಲ್ಲೇ ಇರುವುದಿಲ್ಲ.

ಔಷಧಕ್ಕೆ ಬಗ್ಗದ ಈ ಗಟ್ಟಿತನವೇನೂ ನಾವು ಹುಟ್ಟಿಸಿದ್ದಲ್ಲ. ಕೆನಡಾದ ಯೂಕಾನ್ ಪ್ರದೇಶದಲ್ಲಿ 30,000 ವರ್ಷ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿ ಔಷಧ ನಿರೋಧಕ ಜೀನ್‌ಗಳು ಸಿಕ್ಕವು ಅಂತ 2011ರಲ್ಲಿ ವರದಿಯಾಯಿತು. ಮಣ್ಣಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಒಂದನ್ನೊಂದು ದೂರ ಇಡಲು ಇಂಥ ರಾಸಾಯನಿಕಗಳನ್ನು ಮಾಡಿಕೊಳ್ಳುತ್ತವೆ. ಅದಕ್ಕೆ ಪ್ರತಿಯಾಗಿ ತಪ್ಪಿಸಿಕೊಳ್ಳುವ ದಾರಿಯನ್ನೂ ಕಂಡುಕೊಂಡಿವೆ. ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿದೆ ಅಂತ ಅಬ್ರಹಾಂ ಮತ್ತು ಚೈನ್ ಪ್ರಕಟಿಸಿದ್ದು 1940ರ ಡಿಸೆಂಬರಿನಲ್ಲಿ. ಆಕ್ಸ್‌ಫರ್ಡಿನಲ್ಲಿ ಅವರ ತಂಡ ಪೆನಿಸಿಲಿನ್‌ನಿಂದ ಮೊದಲ ರೋಗಿಗೆ ಚಿಕಿತ್ಸೆ ಶುರು ಮಾಡಿದ್ದು 1941ರ ಫೆಬ್ರವರಿಯಲ್ಲಿ. ಅಂದರೆ ಔಷಧಕ್ಕಿಂತ ಮೊದಲೇ ಅದರ ಸೋಲು ದಾಖಲಾಗಿತ್ತು.

ನಾವು ಮಾಡಿದ್ದು ಬೇರೆ. ಅಪರೂಪವಾಗಿದ್ದದ್ದನ್ನು ಸಾಮಾನ್ಯ ಮಾಡಿದೆವು. ಬ್ಯಾಕ್ಟೀರಿಯಾ ಈ ಗುಣವನ್ನು ಮಕ್ಕಳಿಗೆ ಮಾತ್ರ ಕೊಡುವುದಿಲ್ಲ, ಪಕ್ಕದಲ್ಲಿರುವ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಿಬಿಡುತ್ತದೆ. 1950ರ ದಶಕದಲ್ಲಿ ಜಪಾನಿನ ವೈದ್ಯರು ಇದನ್ನು ಕಂಡು ಬೆರಗಾದರು. ಆಮಶಂಕೆ ತರುವ ಶಿಗೆಲ್ಲಾ ಒಂದಲ್ಲ, ಹಲವು ಔಷಧಗಳಿಗೆ ಒಟ್ಟಿಗೇ ಜಗ್ಗದಂತಾಗಿತ್ತು. ಒಂದೊಂದೇ ಬದಲಾವಣೆ ಆಗುತ್ತಾ ಹೋಗಿದ್ದರೆ ಅಷ್ಟು ಬೇಗ ಹಾಗಾಗುವುದು ಸಾಧ್ಯವಿರಲಿಲ್ಲ. ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಉಂಗುರದ ಮೇಲೆ ಎಲ್ಲ ಜೀನ್‌ಗಳೂ ಒಟ್ಟಿಗೆ ಕೂತಿದ್ದವು, ಒಟ್ಟಿಗೆ ದಾಟುತ್ತಿದ್ದವು.

ಇದರ ಪರಿಣಾಮ ಎಂಥದು ಅಂತ ತಿಳಿಯಲು ನಾನು ಯಾವಾಗಲೂ ಡೆನ್ಮಾರ್ಕಿನ ಉದಾಹರಣೆ ಕೊಡುತ್ತೇನೆ. ಅಲ್ಲಿ ಕೋಳಿ, ಹಂದಿಗಳು ಬೇಗ ಬೆಳೆಯಲಿ ಅಂತ ಮೇವಿಗೆ ಅವೊಪಾರ್ಸಿನ್ ಎನ್ನುವ ಆ್ಯಂಟಿಬಯಾಟಿಕ್ ಬೆರೆಸುತ್ತಿದ್ದರು. ಅದು ಮನುಷ್ಯರಿಗೆ ಕೊಡುವ ವ್ಯಾಂಕೊಮೈಸಿನ್‌ನ ಹತ್ತಿರದ ಸಂಬಂಧಿ. ಪ್ರಾಣಿಗಳಲ್ಲಿ ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೊಕಾಕಸ್ ಎನ್ನುವ ಕರುಳಿನ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. 1995ರಲ್ಲಿ ಅವೊಪಾರ್ಸಿನ್ ನಿಷೇಧಿಸಿದರು. ಕೋಳಿಗಳಲ್ಲಿ ನಿರೋಧಕತೆ ಇಳಿಯಿತು. ಹಂದಿಗಳಲ್ಲಿ ಮಾತ್ರ ಇಳಿಯಲೇ ಇಲ್ಲ. ಹುಡುಕಿದಾಗ ಕಾರಣ ಗೊತ್ತಾಯಿತು. ಹಂದಿಗಳಿಗೆ ಟೈಲೋಸಿನ್ ಅನ್ನುವ ಇನ್ನೊಂದು ಔಷಧ ನಡೆದೇ ಇತ್ತು. ಎರಡಕ್ಕೂ ನಿರೋಧಕ ಜೀನ್‌ಗಳು ಒಂದೇ ಪ್ಲಾಸ್ಮಿಡ್ ಮೇಲೆ ಇದ್ದವು. ಒಂದೇ ಗೊಂಚಲಿನ ಬೀಗದ ಕೈಗಳ ಹಾಗೆ, ಒಂದಕ್ಕೆ ಬೇಡಿಕೆ ಇರುವವರೆಗೂ ಇನ್ನೊಂದನ್ನೂ ಎಸೆಯುವಂತಿಲ್ಲ. 1998ರಲ್ಲಿ ಟೈಲೋಸಿನ್ ಬಳಕೆ ಕುಸಿದ ಮೇಲೆ ಹಂದಿಗಳಲ್ಲೂ ಇಳಿಯಿತು.

ಇಲ್ಲಿ ಗಮನಿಸಬೇಕಾದದ್ದು ಇನ್ನೊಂದಿದೆ. ಆ ಮೇವಿನ ಔಷಧ ಯಾವ ರೋಗವನ್ನೂ ಗುಣ ಮಾಡುತ್ತಿರಲಿಲ್ಲ. ಕೊಟ್ಟಿಗೆಯ ಗಾಳಿ, ಜಾಗ, ಶುಚಿತ್ವ, ಮೇವಿನ ಗುಣಮಟ್ಟ ಇವುಗಳ ಬದಲಿಗೆ ಅದನ್ನು ಕೊಡುತ್ತಿದ್ದರು. ಸ್ವೀಡನ್ 1986ರಲ್ಲೇ ಇಂಥ ಬಳಕೆ ನಿಲ್ಲಿಸಿತು, ಯುರೋಪಿನ ಒಕ್ಕೂಟ 2006ರಲ್ಲಿ. ಪ್ರಾಣಿಗಳೇನೂ ಬೆಳೆಯದೆ ಉಳಿಯಲಿಲ್ಲ. ಸಾಕುವ ರೀತಿ ಬದಲಾಗಬೇಕಾಯಿತು, ಅಷ್ಟೆ.

'ಬದಲಿಗೆ' ಅನ್ನುವ ಈ ಯೋಚನೆ ಆಮೇಲೆ ನನ್ನನ್ನು ಬಿಡಲಿಲ್ಲ. ವಾರ್ಡಿನಲ್ಲಿ, ಕ್ಲಿನಿಕ್ಕಿನಲ್ಲಿ, ಎಲ್ಲಿ ಹೋದರೂ ಅದೇ ಪ್ರಶ್ನೆ ಕೇಳತೊಡಗಿದೆ. ಈ ಮಾತ್ರೆ ಇಲ್ಲಿ ಯಾವುದರ ಬದಲಿಗೆ ಕೂತಿದೆ?

ನನ್ನ ಸಂಶೋಧನೆಯ ಎರಡನೇ ಭಾಗ ಅಂದರೆ ಹೆಚ್ಚಾಗಿ ಮೂಲೆಯಲ್ಲಿ ಕೂತು ನೋಡುವುದು. ವೈದ್ಯರು ಮತ್ತು ರೋಗಿ ಇಬ್ಬರ ಒಪ್ಪಿಗೆ ತೆಗೆದುಕೊಂಡು, ಕೋಣೆಯಲ್ಲಿ ನಡೆಯುವ ಮಾತು ಬರೆದುಕೊಳ್ಳುವುದು. ಲ್ಯಾಬಿನವರಿಗೆ ಇದು ವಿಜ್ಞಾನ ಅಂತ ಅನ್ನಿಸುವುದೇ ಇಲ್ಲ. 'ಅಲ್ಲಿ ಸುಮ್ನೆ ಕೂತು ಏನ್ ಮಾಡ್ತೀರಿ?' ಅಂತ ಹಳೆಯ ಸಹೋದ್ಯೋಗಿಗಳು ಕೇಳುತ್ತಿದ್ದರು. ಆದರೆ ಆ ಕೂರುವಿಕೆಯಲ್ಲಿ ಸಿಕ್ಕಷ್ಟು ವಿಷಯ ನನಗೆ ಪ್ಲೇಟ್‌ಗಳಲ್ಲಿ ಸಿಕ್ಕಿರಲಿಲ್ಲ.

ನೆಗಡಿ, ಕೆಮ್ಮಿನ ಹೆಚ್ಚು ಪಾಲು ವೈರಸ್‌ನಿಂದ ಬರುವುದು, ಅದಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಇದು ಗೊತ್ತಿಲ್ಲದ ವೈದ್ಯರು ಇಲ್ಲ. ಗೊತ್ತಿದ್ದೂ ಬರೆಯುತ್ತಾರೆ. ಒಬ್ಬ ವೈದ್ಯರು ಹೇಳಿದ ಮಾತು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ: 'ನಾಳೆ ಇವರನ್ನ ಮತ್ತೆ ನೋಡೋಕೆ ನನಗಾಗಲ್ಲ, ಬರೋಕೆ ಅವರಿಗೂ ಆಗಲ್ಲ. ಅದಕ್ಕೇ ಇವತ್ತೇ ಕೊಟ್ಟುಬಿಡ್ತೀನಿ.' ಅಲ್ಲಿ ಮಾತ್ರೆ ಕೂತಿದ್ದು ನಾಳೆಯ ಭೇಟಿಯ ಬದಲಿಗೆ. ರೋಗಿಗಳ ಕಡೆಯ ವಾದವೂ ತಳ್ಳಿಹಾಕುವಂಥದ್ದಲ್ಲ. 'ಡಾಕ್ಟ್ರೇ, ಹೋದ ಸಲ ಇದೇ ಮಾತ್ರೆ ತಗೊಂಡೆ, ಎರಡೇ ದಿನಕ್ಕೆ ಸರಿಹೋಯ್ತು.' ಸರಿಹೋಗುವ ಹೊತ್ತಿಗೇ ಮಾತ್ರೆ ತೆಗೆದುಕೊಂಡಿದ್ದು ಅಂತ ಹೇಗೆ ಹೇಳೋದು? ಕಣ್ಣಾರೆ ಕಂಡ ಸಾಕ್ಷಿ ಅವರದು.

ಈ ಜಾಗದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ಅಧ್ಯಯನ ಒಂದಿದೆ. ಕೆಮ್ಮು ಎಷ್ಟು ದಿನ ಇರುತ್ತದೆ ಅಂತ ಅಮೆರಿಕದಲ್ಲಿ ಜನರನ್ನು ಕೇಳಿದರು. 7ರಿಂದ 9 ದಿನ ಅಂದರು. ನಿಜವಾಗಿ ಎಷ್ಟಿರುತ್ತದೆ ಅಂತ ಹಳೆಯ ಅಧ್ಯಯನಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದರೆ ಸರಾಸರಿ 18 ದಿನ ಬಂತು. 2013ರಲ್ಲಿ ಪ್ರಕಟವಾದ ಈ ಸಣ್ಣ ಲೆಕ್ಕದಲ್ಲಿ ಎಷ್ಟೊಂದು ಚೀಟಿಗಳ ಮೂಲ ಇದೆ ನೋಡಿ. ಎಂಟನೇ ದಿನಕ್ಕೆ ಗಾಬರಿ ಶುರು. ಒಂಬತ್ತನೇ ದಿನ ಕ್ಲಿನಿಕ್ಕು. ಹತ್ತನೇ ದಿನ ಆ್ಯಂಟಿಬಯಾಟಿಕ್. ಮತ್ತೊಂದು ವಾರಕ್ಕೆ ಕೆಮ್ಮು ತಾನಾಗಿ ಇಳಿಯುತ್ತದೆ, ಹೆಸರು ಮಾತ್ರ ಮಾತ್ರೆಗೆ. 'ಇದು ಮೂರು ವಾರ ಎಳೆಯಬಹುದು, ಇಂಥಿಂಥ ತೊಂದರೆ ಕಂಡರೆ ತಕ್ಷಣ ಬನ್ನಿ' ಅಂತ ಮೊದಲ ದಿನವೇ ಹೇಳಿದ ವೈದ್ಯರ ಬಳಿ ರೋಗಿಗಳು ಬೇರೆ ಥರ ನಡೆದುಕೊಳ್ಳುವುದನ್ನು ನಾನು ನೋಡಿದ್ದೇನೆ. ಅವರಿಗೆ ಬೇಕಿದ್ದದ್ದು ಮಾತ್ರೆಗಿಂತ ಜಾಸ್ತಿ ಒಂದು ಅಂದಾಜು.

ಇಂಗ್ಲೆಂಡಿನ ಪಾಲ್ ಲಿಟ್ಲ್ ಮತ್ತವರ ತಂಡ ಗಂಟಲು ನೋವಿನ ಮೇಲೆ 1997ರಲ್ಲಿ ಮಾಡಿದ ಪ್ರಯೋಗವೂ ಇದೇ ದಾರಿಯದು. ಕೆಲವರಿಗೆ ತಕ್ಷಣ ಪೆನಿಸಿಲಿನ್, ಕೆಲವರಿಗೆ ಏನೂ ಇಲ್ಲ, ಇನ್ನು ಕೆಲವರಿಗೆ 'ಮೂರು ದಿನದಲ್ಲಿ ಕಡಿಮೆ ಆಗದಿದ್ದರೆ ಬಂದು ತಗೊಳ್ಳಿ' ಅಂತ ಕಾಯ್ದಿರಿಸಿದ ಚೀಟಿ. ಮೂರು ಗುಂಪಿನವರೂ ಹೆಚ್ಚು ಕಡಿಮೆ ಒಂದೇ ರೀತಿ ಗುಣವಾದರು. ಕಾಯ್ದಿರಿಸಿದ ಚೀಟಿಯವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ ಜನ ಅದನ್ನು ಬಳಸಲೇ ಇಲ್ಲ. ನನಗೆ ಹಿಡಿಸಿದ್ದು ಅದಲ್ಲ, ಇದು: ತಕ್ಷಣ ಔಷಧ ಪಡೆದವರು, ಮುಂದಿನ ಸಲ ಗಂಟಲು ನೋವು ಬಂದರೂ ವೈದ್ಯರ ಬಳಿ ಬರಬೇಕು ಅಂತ ಹೆಚ್ಚಾಗಿ ನಂಬಿದರು. ಒಂದು ಚೀಟಿ ಮುಂದಿನ ಚೀಟಿಯನ್ನು ಹುಟ್ಟಿಸುತ್ತದೆ.

ವೈದ್ಯರ ಸುಸ್ತಿನ ಬಗ್ಗೆಯೂ ಒಂದು ಮಾತು. ಅಮೆರಿಕದಲ್ಲಿ ಉಸಿರಾಟದ ಸೋಂಕಿನ ಸಾವಿರಾರು ಭೇಟಿಗಳನ್ನು ಗಂಟೆವಾರು ಬಿಡಿಸಿ ನೋಡಿದರು. ಬೆಳಗಿನ ಸರದಿಯ ಮೊದಲ ಗಂಟೆಗಿಂತ ಕೊನೆಯ ಗಂಟೆಯಲ್ಲಿ ಆ್ಯಂಟಿಬಯಾಟಿಕ್ ಬರೆಯುವುದು ಜಾಸ್ತಿ. ಮಧ್ಯಾಹ್ನದ ಸರದಿಯಲ್ಲೂ ಅದೇ ಏರಿಕೆ. ಬ್ಯಾಕ್ಟೀರಿಯಾಗಳಿಗೆ ಗಡಿಯಾರ ಗೊತ್ತಿಲ್ಲ ಅಲ್ವಾ? 'ಬೇಡ' ಅಂತ ವಿವರಿಸಲು ಐದು ನಿಮಿಷ ಬೇಕು, ಬರೆದುಕೊಡಲು ಅರ್ಧ ನಿಮಿಷ ಸಾಕು.

ಆಸ್ಪತ್ರೆಯ ಒಳಗಿನ ಕಥೆ ಬೇರೆ. ಅಲ್ಲಿ ಕೇಳುವವರು ರೋಗಿಗಳಲ್ಲ. ಲಂಡನ್ನಿನಲ್ಲಿ ಎಸ್ಮಿತಾ ಚರಾನಿ ಮತ್ತು ಜೊತೆಗಾರರು 2013ರಲ್ಲಿ ಒಂದು ವಿಷಯ ಬರೆದರು. ಆಸ್ಪತ್ರೆಗಳಲ್ಲಿ ಔಷಧ ಬರೆಯುವುದಕ್ಕೆ ಒಂದು ಮರ್ಯಾದೆಯ ಸಂಹಿತೆ ಇದೆ, ಅದು ಯಾವ ಮಾರ್ಗಸೂಚಿಯಲ್ಲೂ ಇಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುವುದಿಲ್ಲ. ಕಿರಿಯರು ಹಿರಿಯರ ಅಭ್ಯಾಸ ನೋಡಿ ಬರೆಯುತ್ತಾರೆ, ಪುಸ್ತಕ ನೋಡಿ ಅಲ್ಲ. ಅದನ್ನು ಓದಿದಾಗ ನನ್ನ ಹಳೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ನಮ್ಮ ವರದಿಯಲ್ಲಿ 'ಸಣ್ಣ ಔಷಧ ಸಾಕು' ಅಂತ ಇತ್ತು. ಆದರೆ ಅದನ್ನು ಓದುವ ರಾತ್ರಿ ಪಾಳಿಯ ಕಿರಿಯ ವೈದ್ಯೆಗೆ, ಹಿರಿಯರು ಶುರು ಮಾಡಿದ್ದನ್ನು ಇಳಿಸುವ ಅಧಿಕಾರ ಇದೆ ಅಂತ ಯಾರೂ ಹೇಳಿರಲಿಲ್ಲ. ಶುರು ಮಾಡಲು ಅನುಮತಿ ಬೇಕಿಲ್ಲ. ನಿಲ್ಲಿಸಲು ಬೇಕು. 48ರಿಂದ 72 ಗಂಟೆಯೊಳಗೆ ಪ್ರತಿ ಆ್ಯಂಟಿಬಯಾಟಿಕ್ಕನ್ನೂ ಮರುಪರಿಶೀಲಿಸಿ, ನಿಲ್ಲಿಸುವುದೋ ಬದಲಿಸುವುದೋ ಮುಂದುವರಿಸುವುದೋ ಬರೆದಿಡಬೇಕು ಅನ್ನುವ ನಿಯಮ ಈಗ ಅನೇಕ ಕಡೆ ಇದೆ. 'ಮುಂದುವರಿಸಿ' ಅಂತ ಬರೆಯುವುದು ತೀರಾ ಸುಲಭ. ನಾಳೆ ರೋಗಿಯ ಸ್ಥಿತಿ ಕೆಟ್ಟರೆ ನಿಲ್ಲಿಸಿದವರನ್ನು ಕೇಳುತ್ತಾರೆ, ಮುಂದುವರಿಸಿದವರನ್ನು ಯಾರೂ ಕೇಳುವುದಿಲ್ಲ.

ಎಷ್ಟು ದಿನ ಕೊಡಬೇಕು ಅನ್ನುವುದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನನ್ನ ವೃತ್ತಿಜೀವನದಲ್ಲೇ ಈ ಮಾತು ತಿರುವು ತೆಗೆದುಕೊಂಡಿತು. 1945ರ ಡಿಸೆಂಬರ್ 11ರಂದು ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಒಂದು ಕಲ್ಪಿತ ಕಥೆ ಹೇಳಿದರು. ಮಿಸ್ಟರ್ ಎಕ್ಸ್‌ಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಸ್ವಲ್ಪ ತೆಗೆದುಕೊಳ್ಳುತ್ತಾನೆ. ಅವನ ಗಂಟಲಿನ ಸ್ಟ್ರೆಪ್ಟೊಕಾಕಸ್ ಸಾಯುವುದಿಲ್ಲ, ಪೆನಿಸಿಲಿನ್ನನ್ನು ಎದುರಿಸಲು ಕಲಿಯುತ್ತದೆ. ಅದು ಹೆಂಡತಿಗೆ ಅಂಟುತ್ತದೆ, ಆಕೆಗೆ ನ್ಯುಮೋನಿಯಾ ಆಗುತ್ತದೆ, ಪೆನಿಸಿಲಿನ್ ಕೆಲಸ ಮಾಡದೆ ಆಕೆ ಸಾಯುತ್ತಾಳೆ. ಫ್ಲೆಮಿಂಗ್ ಕೊಟ್ಟ ಬುದ್ಧಿಮಾತು: ಪೆನಿಸಿಲಿನ್ ಬಳಸುವುದಾದರೆ ಸಾಕಷ್ಟು ಬಳಸಿ.

ಈ ಕ್ಷೇತ್ರದ ಭಾಷಣಗಳಲ್ಲಿ ಈ ಕಥೆ ಬರದೇ ಇರುವುದಿಲ್ಲ. ದೂರದೃಷ್ಟಿಯ ಎಚ್ಚರಿಕೆ ಅಂತ ಎಲ್ಲರೂ ತಲೆದೂಗುತ್ತಾರೆ. ಆದರೆ ತಮಾಷೆ ಏನು ಗೊತ್ತಾ? ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ಪಯೊಜೆನಿಸ್, ಇಷ್ಟು ದಶಕಗಳ ನಂತರವೂ ಪೆನಿಸಿಲಿನ್‌ಗೆ ಬಗ್ಗುತ್ತಲೇ ಇದೆ. ಫ್ಲೆಮಿಂಗ್ ಎಚ್ಚರಿಕೆ ನಿಜವಾಯಿತು, ಆದರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ, ಬೇರೆ ದಾರಿಯಲ್ಲಿ. ಅರ್ಧಂಬರ್ಧ ಡೋಸ್‌ನಿಂದಲೇ ನಿರೋಧಕತೆ ಹುಟ್ಟುತ್ತದೆ ಅನ್ನುವ ಚಿತ್ರ ಜನರ ಮನಸ್ಸಲ್ಲಿ ಉಳಿದುಬಿಟ್ಟಿತು. ಕ್ಷಯಕ್ಕೆ ಅದು ಸರಿಯಾಗೇ ಹೊಂದುತ್ತದೆ. ಕ್ಷಯದ ಬ್ಯಾಕ್ಟೀರಿಯಾ ರೋಗಿಯೊಳಗೇ ಬದಲಾಗುತ್ತದೆ, ಹಾಗಾಗಿ ಹಲವು ಔಷಧಗಳನ್ನು ಒಟ್ಟಿಗೆ ತಿಂಗಳುಗಟ್ಟಲೆ ಕೊಡಲೇಬೇಕು. ಆದರೆ ಇವತ್ತು ಐಸಿಯುಗಳಲ್ಲಿ ನಿದ್ದೆಗೆಡಿಸುವ ಇ ಕೋಲೈ, ಕ್ಲೆಬ್ಸಿಯೆಲ್ಲಾದಂಥವು ನಮ್ಮ ಕರುಳಿನಲ್ಲಿ ಸುಮ್ಮನೆ ಬದುಕಿಕೊಂಡಿರುವಂಥವು. ಎದೆಯ ಸೋಂಕಿಗೆ ತೆಗೆದುಕೊಂಡ ಮಾತ್ರೆ ಕರುಳಿನ ಅವುಗಳನ್ನೂ ತಟ್ಟುತ್ತದೆ. ಬಗ್ಗುವಂಥವು ಸಾಯುತ್ತವೆ, ಬಗ್ಗದವು ಜಾಗ ಹಿಡಿಯುತ್ತವೆ. ಅಲ್ಲಿ ಹೆಚ್ಚು ದಿನ ಕೊಟ್ಟಷ್ಟೂ ಹೆಚ್ಚು ಹಾನಿ.

2017ರಲ್ಲಿ ಮಾರ್ಟಿನ್ ಲೆವೆಲಿನ್ ಮತ್ತು ಜೊತೆಗಾರರು ಬಿಎಂಜೆ ಎನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನೇ ಬಿಚ್ಚಿಟ್ಟಾಗ ದೊಡ್ಡ ಗದ್ದಲವಾಯಿತು. 'ಕೋರ್ಸ್ ಮುಗಿಸಿ' ಅಂತ ದಶಕಗಳಿಂದ ಪೋಸ್ಟರ್ ಅಂಟಿಸಿದವರಿಗೆ ಇರುಸುಮುರುಸಾಗದೆ ಇರುತ್ತದೆಯೇ? ಅಷ್ಟಕ್ಕೂ 7 ದಿನ, 14 ದಿನ ಅನ್ನುವ ಲೆಕ್ಕ ಎಲ್ಲಿಂದ ಬಂತು? ಅಮೆರಿಕದ ತಜ್ಞ ಬ್ರಾಡ್ ಸ್ಪೆಲ್‌ಬರ್ಗ್ ಇದನ್ನು ಗೇಲಿ ಮಾಡುತ್ತಾರೆ: 321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ವಾರಕ್ಕೆ 7 ದಿನ ಅಂತ ಆಜ್ಞೆ ಮಾಡಿದ, ನಾವು ಅದೇ ಲೆಕ್ಕದಲ್ಲಿ ಔಷಧ ಬರೆಯುತ್ತಿದ್ದೇವೆ. ನಗು ಬಂದರೂ ಮಾತಿನಲ್ಲಿ ಹುರುಳಿದೆ. ಬ್ಯಾಲೆನ್ಸ್ ಎನ್ನುವ ಪ್ರಯೋಗದಲ್ಲಿ 7 ದೇಶಗಳ 3,608 ರೋಗಿಗಳನ್ನು ಸೇರಿಸಿಕೊಂಡರು, ಎಲ್ಲರಿಗೂ ರಕ್ತದಲ್ಲಿ ಬ್ಯಾಕ್ಟೀರಿಯಾ ಇತ್ತು. ಅರ್ಧ ಜನಕ್ಕೆ 7 ದಿನ, ಉಳಿದರ್ಧಕ್ಕೆ 14 ದಿನ ಔಷಧ. 90 ದಿನದೊಳಗೆ ತೀರಿಕೊಂಡವರು 7 ದಿನದ ಗುಂಪಿನಲ್ಲಿ ಶೇ 14.5, 14 ದಿನದ ಗುಂಪಿನಲ್ಲಿ ಶೇ 16.1. ಅಂದರೆ ಅರ್ಧ ಅವಧಿ ಕೊಟ್ಟರೂ ಫಲ ಏನೂ ಕಡಿಮೆಯಾಗಲಿಲ್ಲ. ಇದು 2024ರಲ್ಲಿ ಬಂದ ಫಲಿತಾಂಶ. ಸ್ಟೆಫಿಲೊಕಾಕಸ್ ಆರಿಯಸ್ ಎನ್ನುವ ಬ್ಯಾಕ್ಟೀರಿಯಾ ಇದ್ದವರನ್ನು ಈ ಪ್ರಯೋಗಕ್ಕೆ ತೆಗೆದುಕೊಂಡಿರಲಿಲ್ಲ, ಅದನ್ನೂ ಹೇಳಿಬಿಡಬೇಕು. ಮತ್ತೆ, ಇದನ್ನು ಓದಿ ಯಾರೂ ಮನೆಯಲ್ಲಿ ತಾವಾಗಿ ಮಾತ್ರೆ ನಿಲ್ಲಿಸಬೇಡಿ. ಎಷ್ಟು ದಿನ ಬೇಕು ಅಂತ ವೈದ್ಯರನ್ನು ಕೇಳಿ. 'ಇದಕ್ಕಿಂತ ಕಡಿಮೆ ದಿನ ಸಾಕಾಗುತ್ತಾ?' ಅಂತ ಕೇಳುವುದು ಉದ್ಧಟತನವಲ್ಲ.

ನವೆಂಬರ್ 18ರಿಂದ 24ರವರೆಗೆ ಆ್ಯಂಟಿಬಯಾಟಿಕ್ ಬಳಕೆಯ ಬಗ್ಗೆ ಜಾಗೃತಿ ಸಪ್ತಾಹ ಬರುತ್ತದೆ. ಪ್ರತಿ ವರ್ಷ ಭಾಷಣಕ್ಕೆ ಕರೆಯುತ್ತಾರೆ, ಹೋಗುತ್ತೇನೆ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ಇಂಗ್ಲೆಂಡಿನಲ್ಲಿ 2014ರ ಚಳಿಗಾಲದಲ್ಲಿ ಎರಡನ್ನು ಹೋಲಿಸಿ ನೋಡಿದರು. ಒಂದು, ಕ್ಲಿನಿಕ್‌ಗಳಲ್ಲಿ ರೋಗಿಗಳಿಗಾಗಿ ಪೋಸ್ಟರು, ಕರಪತ್ರ. ಇನ್ನೊಂದು, ಅತಿ ಹೆಚ್ಚು ಆ್ಯಂಟಿಬಯಾಟಿಕ್ ಬರೆಯುವ ಕ್ಲಿನಿಕ್‌ಗಳ ವೈದ್ಯರಿಗೆ ದೇಶದ ಮುಖ್ಯ ವೈದ್ಯಾಧಿಕಾರಿಯಿಂದ ಒಂದು ಪತ್ರ: 'ನಿಮ್ಮ ಪ್ರದೇಶದ ಶೇ 80ರಷ್ಟು ಕ್ಲಿನಿಕ್‌ಗಳು ನಿಮಗಿಂತ ಕಡಿಮೆ ಬರೆಯುತ್ತಿವೆ.' ಪತ್ರ ಪಡೆದವರಲ್ಲಿ ಬರೆಯುವುದು ಶೇ 3.3ರಷ್ಟು ಇಳಿಯಿತು. ಆರು ತಿಂಗಳಲ್ಲಿ ಸುಮಾರು 73 ಸಾವಿರ ಚೀಟಿ ಕಡಿಮೆ. ಪೋಸ್ಟರು ಅಂಟಿಸಿದ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪತ್ರ ಅಂದರೆ ಒಂದು ಅಂಚೆ ಖರ್ಚಿನ ಕೆಲಸ. ಆದರೂ ನಾವು ಪೋಸ್ಟರ್ ಮಾಡುವುದನ್ನೇ ಬಿಡುವುದಿಲ್ಲ, ಯಾಕೆಂದರೆ ಪೋಸ್ಟರ್ ಜನರ ಕಡೆ ಬೆರಳು ತೋರಿಸುತ್ತದೆ. ಪತ್ರ ನಮ್ಮ ಕಡೆ ತೋರಿಸುತ್ತದೆ.

ಜನರ ಕಡೆ ಬೆರಳು ತೋರಿಸುವುದು ಯಾಕೆ ಅಷ್ಟು ಸರಿಯಲ್ಲ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. 2022ರ ಜನವರಿಯಲ್ಲಿ ಲ್ಯಾನ್ಸೆಟ್ ಎನ್ನುವ ವೈದ್ಯಕೀಯ ನಿಯತಕಾಲಿಕದಲ್ಲಿ ಲೋಕದ ಮೊದಲ ಸಮಗ್ರ ಅಂದಾಜು ಬಂತು. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸತ್ತವರು 12.7 ಲಕ್ಷ. ಸಾವಿನಲ್ಲಿ ಅವುಗಳ ಪಾತ್ರ ಏನಾದರೂ ಇದ್ದದ್ದನ್ನು ಸೇರಿಸಿದರೆ 49.5 ಲಕ್ಷ. ಪತ್ರಿಕೆಗಳು ಈ ಎರಡು ಅಂಕಿಗಳನ್ನು ಹಿಡಿದುಕೊಂಡವು. ನಾನು ನಿಂತಿದ್ದು ಮೂರನೆಯದರ ಮೇಲೆ. ಸಾವಿನ ಪ್ರಮಾಣ ಎಲ್ಲಕ್ಕಿಂತ ಜಾಸ್ತಿ ಇದ್ದದ್ದು ಸಹಾರಾದ ದಕ್ಷಿಣದ ಪಶ್ಚಿಮ ಆಫ್ರಿಕಾದಲ್ಲಿ, ಲಕ್ಷಕ್ಕೆ 27.3. ಎಲ್ಲಕ್ಕಿಂತ ಕಡಿಮೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಭಾಗದಲ್ಲಿ, 6.5. ಔಷಧ ಬೇಕಾಬಿಟ್ಟಿ ನುಂಗಿದವರೇ ಸಾಯುವುದಾಗಿದ್ದರೆ ಚಿತ್ರ ಹೀಗಿರುತ್ತಿರಲಿಲ್ಲ. 2018ರಲ್ಲಿ ಪೀಟರ್ ಕಾಲಿನ್ಯನ್ ಮತ್ತಿತರರು ಬೇರೆ ಬೇರೆ ದೇಶಗಳ ಅಂಕಿಅಂಶ ಹೋಲಿಸಿದಾಗಲೂ, ನಿರೋಧಕತೆ ಆ್ಯಂಟಿಬಯಾಟಿಕ್ ಬಳಕೆಗಿಂತ ಹೆಚ್ಚಾಗಿ ನೀರು, ಚರಂಡಿ, ಆಡಳಿತದಂಥವುಗಳ ಜೊತೆ ಹೊಂದಿಕೊಂಡಿತ್ತು. ಗಟ್ಟಿಯಾದ ಬ್ಯಾಕ್ಟೀರಿಯಾ ಹುಟ್ಟುವುದು ಒಂದು ಸಂಗತಿ, ಹರಡುವುದು ಇನ್ನೊಂದು. ಹರಡುವುದು ಕೊಳಕು ನೀರಿನಲ್ಲಿ, ತೊಳೆಯದ ಕೈಯಲ್ಲಿ, ಒಂದೇ ಹಾಸಿಗೆಗೆ ಇಬ್ಬರು ಮಲಗುವ ವಾರ್ಡಿನಲ್ಲಿ. ಮಾತ್ರೆ ಅಲ್ಲಿ ಶುದ್ಧ ನೀರಿನ ಬದಲಿಗೆ ಕೂತಿರುತ್ತದೆ.

ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹರಡಿದ ಟೈಫಾಯಿಡ್ ಇದಕ್ಕೆ ಸಾಕ್ಷಿ. ಐದು ಬಗೆಯ ಔಷಧಗಳಿಗೆ ಬಗ್ಗದ ಟೈಫಾಯಿಡ್. ಬಾಯಲ್ಲಿ ತೆಗೆದುಕೊಳ್ಳುವ ಔಷಧಗಳಲ್ಲಿ ಕೈಯಲ್ಲಿ ಉಳಿದದ್ದು ಅಜಿತ್ರೊಮೈಸಿನ್ ಒಂದೇ ಎನ್ನುವ ಸ್ಥಿತಿ. ಅಲ್ಲಿ ಮುಖ್ಯ ಉತ್ತರವಾಗಿ ಬಂದದ್ದು ಹೊಸ ಮಾತ್ರೆಯಲ್ಲ, ಲಸಿಕೆ. 2019ರಲ್ಲಿ ಟೈಫಾಯಿಡ್‌ನ ಹೊಸ ಬಗೆಯ ('ಕಾಂಜುಗೇಟ್') ಲಸಿಕೆಯನ್ನು ಮಕ್ಕಳ ಸಾಮಾನ್ಯ ಲಸಿಕಾ ಪಟ್ಟಿಗೆ ಸೇರಿಸಿದ ಮೊದಲ ದೇಶ ಪಾಕಿಸ್ತಾನ. ಸೋಂಕೇ ಆಗದಿದ್ದರೆ ಮಾತ್ರೆಯ ಮಾತೇ ಇಲ್ಲವಲ್ಲ.

ಹೊಸ ಔಷಧ ಯಾಕೆ ಬರುತ್ತಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಚುಟುಕಾಗಿ ಹೇಳುತ್ತೇನೆ. ಅಕಾವೊಜೆನ್ ಅನ್ನುವ ಅಮೆರಿಕದ ಕಂಪನಿಯ ಪ್ಲಾಜೊಮೈಸಿನ್‌ಗೆ 2018ರಲ್ಲಿ ಮಂಜೂರಾತಿ ಸಿಕ್ಕಿತು. 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ಎದ್ದಿತು. ಒಳ್ಳೆಯ ಹೊಸ ಆ್ಯಂಟಿಬಯಾಟಿಕ್ ಅಂದರೆ ಕಪಾಟಿನಲ್ಲಿ ಕಾಯ್ದಿಡಬೇಕಾದದ್ದು. ಮಾರಾಟ ಆಗದಷ್ಟೂ ಒಳ್ಳೆಯದು ಅನ್ನುವ ಸರಕನ್ನು ಯಾವ ಕಂಪನಿ ತಯಾರಿಸುತ್ತದೆ? ಬಳಕೆ ಎಷ್ಟೇ ಇರಲಿ, ವರ್ಷಕ್ಕೆ ಇಷ್ಟು ಅಂತ ನಿಗದಿ ಹಣ ಕೊಡುವ ಏರ್ಪಾಡನ್ನು ಬ್ರಿಟನ್ 2022ರಲ್ಲಿ ಎರಡು ಔಷಧಗಳಿಗೆ ಶುರು ಮಾಡಿತು. ಅದು ಸರಿಯಾದ ದಾರಿ ಅಂತ ನನ್ನ ಅನಿಸಿಕೆ, ಆದರೆ ಒಂದು ದೇಶದಿಂದ ಆಗುವ ಕೆಲಸ ಅಲ್ಲ.

ಹೊಸಬರು ಕೆಲವರು ಈ ಕ್ಷೇತ್ರಕ್ಕೆ ಬರಬಹುದಾ ಅಂತ ಕೇಳಿ ಬರೆಯುತ್ತಾರೆ. ಬನ್ನಿ. ಆದರೆ ಇಲ್ಲಿ ಒಂದು ಕಷ್ಟ ಇದೆ, ಮೊದಲೇ ಹೇಳುತ್ತೇನೆ. ಹೃದಯ ತಜ್ಞರಿಗೆ ಬದುಕಿದ ರೋಗಿ ಎದುರಿಗೆ ಸಿಗುತ್ತಾರೆ. ನಮ್ಮಿಂದ ಯಾರಿಗೆ ಒಳ್ಳೆಯದಾಯಿತು ಅಂತ ನಮಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ. ನಮ್ಮ ಫಲಿತಾಂಶ ಅಂದರೆ ಗ್ರಾಫಿನಲ್ಲಿ ಇಳಿದ ಒಂದು ಗೆರೆ, ಅದೂ ಋತುಮಾನದ ಏರಿಳಿತ ಕಳೆದ ಮೇಲೆ. ಅನುದಾನ ಕೊಡುವವರಿಗೆ ಇದನ್ನು ಮಾರುವುದು ಕಷ್ಟ. ಹಾಗಾಗಿಯೇ ನಮ್ಮವರೇ ಕೆಲವರು ಭಯ ಮಾರಲು ಶುರು ಮಾಡಿದರು. 2050ಕ್ಕೆ ಲೋಕ ಮುಳುಗುತ್ತದೆ, ಯಾವ ಔಷಧಕ್ಕೂ ಬಗ್ಗದ ಸೂಪರ್‌ಬಗ್ ಬರುತ್ತದೆ ಅಂತೆಲ್ಲ. ನನಗೆ ಆ ಭಾಷೆ ಆಗಿಬರುವುದಿಲ್ಲ. 1990 ಮತ್ತು 2021ರ ನಡುವೆ 5 ವರ್ಷದೊಳಗಿನ ಮಕ್ಕಳಲ್ಲಿ ನಿರೋಧಕತೆಯ ಸಾವು ಅರ್ಧಕ್ಕಿಂತ ಜಾಸ್ತಿ ಇಳಿದಿದೆ. ಲಸಿಕೆ, ನೀರು, ಚಿಕಿತ್ಸೆ ಸುಧಾರಿಸಿದ್ದರಿಂದ ಹಾಗಾಯಿತು. ಅದೇ ಅವಧಿಯಲ್ಲಿ 70 ದಾಟಿದವರಲ್ಲಿ ಶೇ 80ಕ್ಕೂ ಜಾಸ್ತಿ ಏರಿದೆ. ಎರಡೂ ಒಂದೇ ವರದಿಯಲ್ಲಿವೆ. ಭಯ ಮಾರುವವರು ಎರಡನೆಯದನ್ನು ಮಾತ್ರ ಓದುತ್ತಾರೆ.

ಈಗ ನನ್ನ ಹೆಚ್ಚಿನ ಸಮಯ ಹೋಗುತ್ತಿರುವುದು ತೀರಾ ಸಪ್ಪೆ ಅನ್ನಿಸುವ ಒಂದು ವಿಷಯಕ್ಕೆ. ಪೆನಿಸಿಲಿನ್ ಅಲರ್ಜಿ. ಎಷ್ಟೋ ದೇಶಗಳಲ್ಲಿ ಹತ್ತರಲ್ಲಿ ಒಬ್ಬ ರೋಗಿಯ ಫೈಲಿನ ಮೇಲೆ 'ಪೆನಿಸಿಲಿನ್ ಅಲರ್ಜಿ' ಅಂತ ಬರೆದಿರುತ್ತದೆ. ಸರಿಯಾಗಿ ಪರೀಕ್ಷಿಸಿದರೆ ಅವರಲ್ಲಿ ಶೇ 90ಕ್ಕೂ ಜಾಸ್ತಿ ಜನರಿಗೆ ಅಲರ್ಜಿ ಇರುವುದಿಲ್ಲ. ಚಿಕ್ಕವರಿದ್ದಾಗ ವೈರಸ್ ಜ್ವರಕ್ಕೆ ಮೈಮೇಲೆ ದದ್ದು ಎದ್ದಿರುತ್ತದೆ, ಅದೇ ಹೊತ್ತಿಗೆ ಪೆನಿಸಿಲಿನ್ ಜಾತಿಯದೇ ಆದ ಅಮಾಕ್ಸಿಸಿಲಿನ್ ನಡೆದಿರುತ್ತದೆ, ತಪ್ಪು ಔಷಧದ ತಲೆಗೆ ಬರುತ್ತದೆ. ಇನ್ನು ಕೆಲವರಿಗೆ ನಿಜವಾಗಿಯೂ ಅಲರ್ಜಿ ಇತ್ತು, ವರ್ಷಗಳು ಕಳೆದಂತೆ ಹೋಗಿಬಿಟ್ಟಿರುತ್ತದೆ. ಆ ಒಂದು ಸಾಲಿನಿಂದಾಗಿ ಅವರಿಗೆ ಜೀವಮಾನವಿಡೀ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ, ಹೆಚ್ಚು ಹಾನಿ ಮಾಡುವ ಔಷಧಗಳೇ ಸಿಗುತ್ತವೆ. ಇಲ್ಲಿಯೂ ಮಾತ್ರೆ ಯಾವುದರದೋ ಬದಲಿಗೆ ಇದೆ. ಹಿಂದೆ ಏನಾಗಿತ್ತು ಅಂತ ಯಾರೋ ಹತ್ತು ನಿಮಿಷ ಕೂತು ಕೇಳಬೇಕಿತ್ತು, ಅದರ ಬದಲಿಗೆ.

ಅಪಾಯ ಕಡಿಮೆ ಇದೆ ಅಂತ ಖಚಿತವಾದವರಿಗೆ ಆಸ್ಪತ್ರೆಯಲ್ಲೇ, ಕಣ್ಗಾವಲಿನಲ್ಲಿ, ಒಂದು ಡೋಸ್ ಕೊಟ್ಟು ನೋಡುತ್ತೇವೆ. ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಆ ಸಾಲನ್ನು ಫೈಲಿನಿಂದ ತೆಗೆಸುತ್ತೇವೆ. ಆಮೇಲೆ ತಮಾಷೆ ಶುರು. ಕೆಲವು ತಿಂಗಳ ನಂತರ ನೋಡಿದರೆ ಕೆಲವರ ಫೈಲಿನಲ್ಲಿ ಅದೇ ಸಾಲು ಮತ್ತೆ ಬಂದು ಕೂತಿರುತ್ತದೆ. ಹಳೆಯ ದಾಖಲೆಯಿಂದ ಕಂಪ್ಯೂಟರ್ ನಕಲು ಮಾಡಿರುತ್ತದೆ, ಇಲ್ಲವೇ ರೋಗಿಯೇ ಅಭ್ಯಾಸಬಲದಿಂದ ಹೇಳಿರುತ್ತಾರೆ. 'ಪರೀಕ್ಷೆಯೇನೋ ಮಾಡಿದ್ರು, ಆದ್ರೂ ಹೇಳೋದು ಒಳ್ಳೇದು ಅಂತ ಹೇಳ್ದೆ' ಅಂತ ಒಬ್ಬರು ನಗುತ್ತಾ ಅಂದರು. ಈ ವರ್ಷ ನಮ್ಮ ತಂಡ ಹಿಡಿದಿರುವುದು ಅದನ್ನೇ: ತೆಗೆದ ಸಾಲು ಯಾವ ಯಾವ ದಾರಿಯಲ್ಲಿ ಮರಳುತ್ತದೆ, ಯಾರ ಕೈಯಿಂದ, ಯಾವ ಹಂತದಲ್ಲಿ. ಸದ್ಯಕ್ಕೆ ಜಾಸ್ತಿ ಅನುಮಾನ ಇರುವುದು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸುವ ಡಿಸ್ಚಾರ್ಜ್ ಕಾಗದದ ಮೇಲೆ.